ಎಣ್ಣೆ ಹತ್ತದ ಬೂಟು

ಹೋದ ಭಾನುವಾರ ನನ್ನ ತಂಗಿ ಸುವರ್ಣಾಳ ಮಗನ ಹುಟ್ಟುಹಬ್ಬ. ಈಗಿನ ಹುಡುಗರಿಗೆ ಮನೆಯಲ್ಲಿ ಆರತಿ ಎತ್ತಿ ಪಾಯಸ ಕೊಟ್ಟರೆ ಸಾಲುವುದಿಲ್ಲ. ದೊಡ್ಡ ಮಾಲಿಗೆ ಕರೆದುಕೊಂಡು ಹೋಗಿ ಬೌಲಿಂಗ್ ಆಡಿಸಬೇಕಂತೆ, ಭಾರದ ಚೆಂಡು ಉರುಳಿಸಿ ಆ ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್ನು ಕೆಡವುವ ಆಟ. ಮಾಮಾ ಕಲಿಸಿಕೊಡ್ತಾನೆ ಎಂದು ಸುವರ್ಣಾ ನನ್ನನ್ನು ಕೇಳದೆಯೇ ಹುಡುಗರಿಗೆಲ್ಲ ಮಾತು ಕೊಟ್ಟುಬಿಟ್ಟಿದ್ದಳು. ಮಣಿಕಟ್ಟು ಕೈಕೊಟ್ಟು ಆಟ ಬಿಟ್ಟ ಮೇಲೆ ನಾನು ಅಂಥ ಜಾಗಕ್ಕೆ ಕಾಲಿಟ್ಟಿರಲಿಲ್ಲ. ಬೈದುಕೊಳ್ಳುತ್ತಲೇ ಹೋದೆ.

ಹುಡುಗ ನನ್ನ ಮಾತು ಎಲ್ಲಿ ಕೇಳುತ್ತಾನೆ? ಚೆಂಡನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಓಡಿದವನು ಚೆಂಡು ಬಿಡುವ ಕಪ್ಪು ಗೆರೆ ದಾಟಿ ಒಳಗೇ ಹೋಗಿಬಿಟ್ಟ. ಎರಡೂ ಕಾಲು ಮೇಲೆ ಹಾರಿ ಅಂಗಾತ ಬಿದ್ದ. ಸುವರ್ಣಾ ಕಿರುಚಿದಳು, ಉಳಿದವರು ನಕ್ಕರು. ಬೀಳದೆ ಏನು ಮಾಡುತ್ತಾನೆ, ಆ ಗೆರೆಯಾಚೆ ಇರುವುದು ಬರೀ ಎಣ್ಣೆ. ಚೆಂಡು ಜಾರಿಕೊಂಡು ಹೋಗಲೆಂದು ದಿನಾ ಹಚ್ಚುತ್ತಾರೆ. ನಿಂತು ನೋಡಿದರೆ ಕಾಣುವುದಿಲ್ಲ, ಆದರೆ ಅಲ್ಲಿ ಕಾಲಿಟ್ಟವನ ಬೂಟಿನ ಅಟ್ಟೆಗೆ ಅದು ಹತ್ತದೆ ಬಿಡುವುದಿಲ್ಲ.

ಅವನನ್ನು ಎಬ್ಬಿಸಿ ಕೂರಿಸಿ ಬೂಟು ಬಿಚ್ಚಿ ಅಟ್ಟೆ ತಿರುಗಿಸಿದೆ. ಮಿರಮಿರ ಮಿಂಚುತ್ತಿತ್ತು. ಆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಿದ್ದದ್ದು ಅವನು, ಬೆವೆತದ್ದು ನಾನು. ಬೂಟು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಸುವರ್ಣಾ ಬಂದು, ಅಣ್ಣಾ, ಬಿಪಿ ಗುಳಿಗಿ ತಗೊಂಡೀಯೋ ಇಲ್ಲೋ ಎಂದು ಕೇಳಿದಳು.

ಬೌಲಿಂಗ್ ನನಗೆ ಸುಮಾರು ಇಪ್ಪತ್ತು ವರ್ಷ ಅನ್ನ ಹಾಕಿದ ಆಟ. ದೆಹಲಿ, ಬೆಂಗಳೂರು, ದುಬೈ, ಮಲೇಷಿಯಾ, ಎಲ್ಲಿ ಪಂದ್ಯ ಇದ್ದರೆ ಅಲ್ಲಿಗೆ ಚೆಂಡಿನ ಚೀಲ ಹೊತ್ತು ಹೋಗಿದ್ದೇನೆ. ಬೌಲರ್ ಎಂದು ಪರಿಚಯ ಹೇಳಿಕೊಂಡರೆ ಫಾಸ್ಟಾ ಸ್ಪಿನ್ನಾ ಎಂದು ಕೇಳುವವರೇ ಹೆಚ್ಚು. ಇರಲಿ. ಅವರಿಗೆ ಉತ್ತರ ಕೊಟ್ಟೂ ಕೊಟ್ಟೂ ನನ್ನ ನಾಲಿಗೆ ಸವೆದಿದೆ. ಆದರೆ ಆ ಇಪ್ಪತ್ತು ವರ್ಷ ನಿಂತದ್ದು ಒಂದು ಮಳೆಗಾಲದ ಮೇಲೆ. ಆ ಮಳೆಗಾಲವನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ಹೇಳಿಲ್ಲ.

ಆಗ ತೆಲಂಗಾಣ ಇನ್ನೂ ಬೇರೆ ಆಗಿರಲಿಲ್ಲ. ನಮ್ಮದು ಕಲಬುರಗಿ ಕಡೆಯ ಮನೆತನ. ಅಪ್ಪ ನಿಜಾಮರ ಊರಿಗೆ ಬಂದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ. ಮನೆ ಕಾಚಿಗುಡದಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ಗಿರಾಕಿ ಬಂದರೆ ತೆಲುಗು. ನಾನು ಬಿ.ಕಾಂ. ಮುಗಿಸಿ, ಅಂಗಡಿಯ ಗಾದಿಯ ಮೇಲೆ ಕೂಡಬೇಕಾದವನು, ಊರಲ್ಲಿ ಹೊಸದಾಗಿ ತೆರೆದಿದ್ದ ಬೌಲಿಂಗ್ ಹಾಲಿನಲ್ಲಿ ಬೀಡುಬಿಟ್ಟಿದ್ದೆ. ತಗಡಿನ ಛಾವಣಿ, ಕೆಳಗೆ ಇರಾನಿ ಹೋಟೆಲು, ಮೇಲಿನ ಮಹಡಿಯಲ್ಲಿ ಆಟ. ಮಳೆ ಬಂದರೆ ಪಿನ್ನು ಬಿದ್ದ ಸದ್ದೂ ಕೇಳುತ್ತಿರಲಿಲ್ಲ.

ಅಲ್ಲಿ ನನಗೆ ಸಿಕ್ಕವನು ಶರಣಣ್ಣ. ಪೂರ್ತಿ ಹೆಸರು ಶಿವಶರಣಪ್ಪ; ಬೀದರ್ ಕಡೆಯವನು, ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ನಲವತ್ತು ದಾಟಿತ್ತು. ಕಚೇರಿ ಬಿಟ್ಟ ಕೂಡಲೇ ಇನ್‌ಶರ್ಟಿನಲ್ಲೇ ಬಂದು, ಹಣೆಯ ವಿಭೂತಿ ಅಳಿಸದೆ, ಚೆಂಡು ಹಿಡಿದು ನಿಂತರೆ ಇಡೀ ಹಾಲು ತಿರುಗಿ ನೋಡುತ್ತಿತ್ತು. ಅಷ್ಟು ಚೆಂದ ಆಡುತ್ತಿದ್ದ. ಆದರೆ ರಾಜ್ಯದ ತಂಡಕ್ಕೆ ಒಮ್ಮೆಯೂ ಹೋಗಿರಲಿಲ್ಲ, ಪ್ರತಿ ಸಲವೂ ರಜೆ ಸಿಗದೆ ತಪ್ಪುತ್ತಿತ್ತು. ನನಗೆ ಆಟ ಕಲಿಸಿದವನು ಅವನೇ. ನಾನು ಅವಸರಗೇಡಿ, ಹರಕುಬಾಯಿ. ಒಂದು ಪಿನ್ನು ಉಳಿದರೆ ಸಾಕು, ಕುರ್ಚಿ ಒದೆಯುತ್ತಿದ್ದೆ. ಅವನು ಮಾತ್ರ ನಕ್ಕು, ತಮ್ಮಾ, ಪಿನ್ನಿಗೆ ನಿನ್ನ ಸಿಟ್ಟು ಗೊತ್ತಾಗಾಂಗಿಲ್ಲ ಎನ್ನುತ್ತಿದ್ದ.

ನನ್ನಂಥವರನ್ನು ನೋಡಿಯೇ ಅವನು ಆ ಹಾಲಿನಲ್ಲಿ ಒಂದು ರೂಢಿ ಹಾಕಿದ್ದ. ಆಟ ಮುಗಿದ ಮೇಲೆ ಗೆದ್ದವನು ಸೋತವನ ಚೆಂಡು ಒರೆಸಬೇಕು, ಬೂಟು ಒರೆಸಬೇಕು, ಚೀಲಕ್ಕೆ ಹಾಕಿ ಕೈಗೆ ಕೊಡಬೇಕು. ಆಮೇಲೆ ಇಬ್ಬರೂ ಕೆಳಗೆ ಹೋಗಿ ಚಹಾ ಕುಡಿಯಬೇಕು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ನಿಜಾಮರ ಕಾಲದಿಂದ ಬಂದ ಪದ್ಧತಿಯೋ ಎಂಬಂತೆ ಪಾಲಿಸತೊಡಗಿದರು. ಅವನ ಚೀಲವನ್ನು ಒಂದು ದಿನವಾದರೂ ನಾನು ಕಟ್ಟಿಕೊಡಬೇಕೆಂಬುದು ನನ್ನ ಹಟವಾಗಿತ್ತು.

ಆ ಆಷಾಢದಲ್ಲಿ ಅಪ್ಪ ನನ್ನನ್ನು ಕೂಡಿಸಿಕೊಂಡು ಮಾತಿನಲ್ಲಿ ಕಟ್ಟಿಹಾಕಿದ. ಹೊರಗೆ ಬೋನಾಲು ಹಬ್ಬದ ಮೆರವಣಿಗೆಯ ಡೊಳ್ಳು ಬಡಿಯುತ್ತಿದ್ದುದರಿಂದ ಎರಡೆರಡು ಸಲ ಹೇಳಬೇಕಾಯಿತು. ಈ ಸಲ ರಾಜ್ಯದ ತಂಡಕ್ಕೆ ಆರಿಸಿ ಬಂದರೆ ನಿನ್ನ ದಾರಿ ನಿನಗೆ, ನಾನು ಅಡ್ಡ ಬರುವುದಿಲ್ಲ. ಬರದಿದ್ದರೆ ಶ್ರಾವಣದಿಂದ ಗಾದಿಯ ಮೇಲೆ ಕೂಡಬೇಕು, ಮತ್ತೆ ಆ ಚೆಂಡಿನ ಹೆಸರು ಎತ್ತಬಾರದು. ನಾನು ಒಪ್ಪಿದೆ. ಅಪ್ಪ ಮಾತಿನ ಮನುಷ್ಯ, ಹೇಳಿದರೆ ಹೇಳಿದ ಹಾಗೆ. ಅವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು.

ತಂಡದಲ್ಲಿ ಆಗ ಒಂದೇ ಜಾಗ ಖಾಲಿ ಇತ್ತು. ಅದಕ್ಕಾಗಿ ರಾಜ್ಯದ ಬೌಲಿಂಗ್ ಸಂಘದವರು ನಮ್ಮ ಹಾಲಿನಲ್ಲೇ ಆಯ್ಕೆಯ ಪಂದ್ಯ ಇಟ್ಟಿದ್ದರು. ಆ ಮಳೆ ಎಂಥದ್ದೆಂದರೆ, ಗೋಡೆಯೆಲ್ಲ ಹಸಿ, ಟವೆಲು ಹಸಿ, ಕೈಬೆರಳು ಹಸಿ. ಬೌಲರನ ಚೆಂಡಿನ ತೂತುಗಳನ್ನು ಅವನ ಬೆರಳಿನ ಅಳತೆಗೇ ಕೊರೆದಿರುತ್ತಾರೆ. ಆ ಹವೆಗೆ ನನ್ನ ಹೆಬ್ಬೆರಳು ಊದಿ ತೂತಿನೊಳಗೆ ಸಿಕ್ಕಿಕೊಳ್ಳುತ್ತಿತ್ತು. ಎಷ್ಟೋ ಸಲ ಚೆಂಡಿನ ಜೊತೆ ನಾನೇ ಹಾರಿಹೋಗುವ ಹಾಗೆ ಆಗುತ್ತಿತ್ತು. ಶರಣಣ್ಣ ತನ್ನ ಆಟ ನಿಲ್ಲಿಸಿ ಬಂದು, ತೂತಿನ ಒಳಗಿನ ಪಟ್ಟಿ ಕಿತ್ತು ಸಡಿಲ ಮಾಡಿಕೊಟ್ಟ. ಅದೇ ಜಾಗಕ್ಕೆ ಅವನೂ ಆಡುತ್ತಿದ್ದ ಎಂಬುದನ್ನು ನೆನಪಿಡಿ. ಆ ವರ್ಷ ಮೊದಲ ಸಲ ಅವನಿಗೆ ರಜೆ ಮಂಜೂರಾಗಿತ್ತು. ಇದು ತಪ್ಪಿದರೆ ತನ್ನ ವಯಸ್ಸಿಗೆ ಇನ್ನೊಂದು ಅವಕಾಶ ಇಲ್ಲ ಎಂದು ಅವನೇ ನನಗೆ ಹೇಳಿದ್ದ.

ಎಲ್ಲರೂ ಉದುರಿ ಕೊನೆಗೆ ಉಳಿದವರು ನಾವಿಬ್ಬರೇ. ಒಂದು ಮಧ್ಯಾಹ್ನ ಕೊನೆಯ ಆಟ. ಕಾಲು ಗೆರೆ ದಾಟಿದರೆ ಹತ್ತಿಕೊಳ್ಳುವ ಕೆಂಪು ದೀಪ ಮಳೆಯ ತೇವಕ್ಕೆ ಕೆಟ್ಟುಹೋಗಿತ್ತು. ಕಾಲು ದಾಟಿದರೆ ಆಟಗಾರರೇ ಹೇಳಬೇಕು ಎಂದು ಸಂಘದವರು ನಮ್ಮಿಂದ ಒಪ್ಪಿಗೆ ಪಡೆದರು. ದಾಟಿದರೆ ಆ ಚೆಂಡಿಗೆ ಬಿದ್ದ ಪಿನ್ನು ಲೆಕ್ಕಕ್ಕಿಲ್ಲ. ಹೀಗೆ ನಂಬಿಕೆಯ ಮೇಲೆ ಆಡುವುದು ನಮ್ಮಲ್ಲಿ ಹೊಸದೇನೂ ಆಗಿರಲಿಲ್ಲ.

ನನ್ನ ಆಟ ಮೊದಲು ಮುಗಿಯಿತು. ಶರಣಣ್ಣನ ಕೈಯಲ್ಲಿ ಒಂದು ಚೆಂಡು ಉಳಿದಿತ್ತು. ಹತ್ತೂ ಪಿನ್ನು ಕೆಡವಿದರೆ ಜಾಗ ಅವನದು, ಒಂದು ಉಳಿದರೂ ನನ್ನದು. ತಗಡಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ಅವನು ಕಣ್ಣು ಮುಚ್ಚಿ ತೆರೆದ, ನಾಲ್ಕು ಹೆಜ್ಜೆ ಇಟ್ಟ, ಎಡಗಾಲು ಜಾರಿಸಿ ಬಗ್ಗಿ ಚೆಂಡು ಬಿಟ್ಟ. ಹತ್ತೂ ಪಿನ್ನು ಒಂದೇ ಏಟಿಗೆ ಮಲಗಿದವು. ಹಾಲಿನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನನಗೆ ಅಪ್ಪನ ಅಂಗಡಿಯ ಬಟ್ಟೆಯ ಥಾನುಗಳು ಕಣ್ಣ ಮುಂದೆ ಬಂದವು. ಆದರೂ ಅವನ ಕೈ ಕುಲುಕಲು ಎದ್ದೆ.

ಅಷ್ಟರಲ್ಲಿ ಅವನು ಬಲಗೈ ಎತ್ತಿ ಸಂಘದವರ ಕಡೆ ತಿರುಗಿ, ಫೌಲ್ ಎಂದ. ಅರ್ಧ ಪಾದ ಗೆರೆ ದಾಟಿದೆ ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದ. ಅವರು ನಂಬದೆ ಮತ್ತೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಅಲ್ಲೇ ನಿಂತವು. ನಾನು ಗರಬಡಿದವನ ಹಾಗೆ ನಿಂತಿದ್ದೆ. ಯಾರೋ ಬಂದು ನನ್ನ ಬೆನ್ನು ತಟ್ಟಿ, ನೀನು ಗೆದ್ದೆ ಎಂದರು. ಕೂಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಮಾತಿನ ಮೇಲೆ ಮಾತ್ರ ನನಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಶರಣಣ್ಣ ಸುಳ್ಳು ಹೇಳುವ ಮನುಷ್ಯನೇ ಅಲ್ಲ.

ಅವನು ಅಲ್ಲೇ ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಕೆಳಗೆ ಚಹಾಕ್ಕೆ ಬಾ ಎಂದು ನನಗೆ ಹೇಳಿ ಹೋದ. ನಾನು ರೂಢಿಯ ಪ್ರಕಾರ ಅವನ ಚೆಂಡು ತೆಗೆದು ಒರೆಸಿದೆ. ಎಷ್ಟು ದಿನದ ಹಟ ಅದು, ಖುಷಿಗೆ ಎರಡೆರಡು ಸಲ ಒರೆಸಿದೆ. ಆಮೇಲೆ ಎಡಗಾಲಿನ ಬೂಟು ತೆಗೆದುಕೊಂಡು ಅಟ್ಟೆ ತಿರುಗಿಸಿದೆ.

ಒಣಗಿತ್ತು. ಬೆಳ್ಳಗೆ, ಧೂಳು ಹತ್ತಿ, ಒಣಗಿತ್ತು. ಬೆರಳಾಡಿಸಿದೆ, ಮೂಸಿ ನೋಡಿದೆ. ಬಲಗಾಲಿನದನ್ನೂ ನೋಡಿದೆ. ಎಣ್ಣೆಯ ಸುಳಿವೇ ಇಲ್ಲ. ಅರ್ಧ ಪಾದ ದಾಟಿದವನ ಅಟ್ಟೆ ಹೀಗಿರಲು ಸಾಧ್ಯವೇ ಇಲ್ಲ. ಹೋಗಿ ಗೆರೆಯ ಹತ್ತಿರ ಮೊಣಕಾಲೂರಿ ನೋಡಿದೆ. ಗೆರೆಯಾಚೆ ಎಣ್ಣೆ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು, ಒಂದು ಗೀರು ಇಲ್ಲ, ಒಂದು ಹೆಜ್ಜೆ ಗುರುತಿಲ್ಲ. ಯಪ್ಪಾ, ಶರಣಣ್ಣ ಸುಳ್ಳು ಹೇಳಿದ್ದ. ಬೂಟು ಒರೆಸುವ ಕೆಲಸ ಗೆದ್ದವನಿಗೆ ಹಚ್ಚಿದವನು ಅವನೇ. ತಾನೇ ಹಾಕಿದ ರೂಢಿ ಆ ಹೊತ್ತಿಗೆ ಅವನಿಗೆ ಮರೆತುಹೋಗಿತ್ತು.

ಬೂಟು ಹಿಡಿದುಕೊಂಡೇ ಮೆಟ್ಟಿಲಿಳಿದೆ. ಇರಾನಿ ಹೋಟೆಲಿನ ಮೂಲೆಯ ಮೇಜಿನಲ್ಲಿ ಅವನು ಬಸಿಗೆ ಚಹಾ ಹುಯ್ದುಕೊಂಡು ಆರಿಸುತ್ತಿದ್ದ. ನಾನು ಬೂಟನ್ನು ಅಟ್ಟೆ ಮೇಲಾಗಿ ಮೇಜಿನ ಮೇಲೆ ಇಟ್ಟೆ. ವೇಟರು ನನ್ನನ್ನು ಗುರಾಯಿಸಿದ. ಶರಣಣ್ಣ ಬೂಟು ನೋಡಿದ, ನನ್ನ ಮುಖ ನೋಡಿದ, ಬಸಿ ಕೆಳಗಿಟ್ಟ.

"ಇದೇನ ನಿಮ್ಮ ಅರ್ಧ ಪಾದ?" ಎಂದೆ.

ಕೂಡು ಎಂದು ಕೈಸನ್ನೆ ಮಾಡಿದ. ನಾನು ಕೂಡಲಿಲ್ಲ. ನನಗೆ ಕೃತಜ್ಞತೆ ಗಿತಜ್ಞತೆ ಏನೂ ಬರಲಿಲ್ಲ, ಬಂದದ್ದು ಕೆಟ್ಟ ಸಿಟ್ಟು. ನನ್ನ ಮೇಲೆ ಕನಿಕರ ಪಟ್ಟು ಭಿಕ್ಷೆ ಹಾಕಿದ್ದೀರಾ ಎಂದು ಬಾಯಿಗೆ ಬಂದ ಹಾಗೆ ಅಂದೆ. ಅವನು ಎಲ್ಲ ಅನ್ನಿಸಿಕೊಂಡ. ಕೊನೆಗೆ, ಕನಿಕರ ಅಲ್ಲ, ಕೇಳಬೇಡ, ಹೋಗಿ ಆಡು ಎಂದ. ಹೇಳದಿದ್ದರೆ ಮೇಲೆ ಹೋಗಿ ಸಂಘದವರ ಮುಂದೆ ಈ ಬೂಟು ಇಡುತ್ತೇನೆ ಎಂದು ಹೆದರಿಸಿದೆ. ಆಗ ಅವನು ಬಾಯಿಬಿಟ್ಟ.

"ನಿಮ್ಮವ್ವಾರು ನಮ್ಮ ಮನೀಗೆ ಬಂದಿದ್ರು ತಮ್ಮಾ. ನಿಮ್ಮ ವೈನಿ, ನನ್ನ ಹೇಣ್ತಿ, ಉಡಿ ತುಂಬಾಕ ಹ್ವಾದ್ರ ಬ್ಯಾಡಂದ್ರು. ನನ್ನ ಮುಂದ ಸೆರಗು ಒಡ್ಡಿ ನಿಂತ್ರು. ನನ್ನ ಮಗನ್ನ ಸೋಲಸ್ರಿ, ನಿಮ್ಮ ಕೈಲೆ ಆಕ್ಕೇತಿ, ಅಂವ ಸೋತು ಮನೀಗೆ ಬರ್ಲಿ ಅಂದ್ರು."

ಈ ಮಾತು ನನಗೆ ಮೊದಲು ಅರ್ಥವೇ ಆಗಲಿಲ್ಲ. ತಾಯಿ ಸೆರಗೊಡ್ಡುವುದು ಮಗ ಬದುಕಲಿ, ಮಗ ಗೆಲ್ಲಲಿ ಎಂದು. ನಮ್ಮ ಕಡೆ ಹೆಣ್ಣುಮಗಳು ಸೆರಗೊಡ್ಡಿ ನಿಂತಳೆಂದರೆ ಎದುರಿಗಿದ್ದವನು ಇಲ್ಲ ಅನ್ನುವ ಹಾಗಿಲ್ಲ. ಮನೆಗೆ ಅಕ್ಕಿಯ ಸಾಲ ಕೇಳಲೂ ಪಕ್ಕದ ಮನೆಗೆ ಹೋಗದ ನಮ್ಮವ್ವ ಎರಡು ಬಸ್ಸು ಬದಲಿಸಿ ಪರರ ಮನೆಗೆ ಹೋಗಿ, ನಾನು ಸೋಲಲಿ ಎಂದು ಬೇಡಿದಳೇ? ಕುರ್ಚಿ ಹಿಡಿದುಕೊಂಡು ಕೂತೆ. ಶರಣಣ್ಣ ತನ್ನ ಬಸಿಯನ್ನು ನನ್ನ ಮುಂದೆ ಸರಿಸಿದ.

ಅವನೇ ಮುಂದುವರಿಸಿ, ನಾನು ಅವ್ವಾರಿಗೆ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ, ನನ್ನ ಆಟ ನಾನು ಆಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ ಎಂದ. ಹಾಗೇ ಆಡಿದನಂತೆ, ಕೊನೆಯ ಚೆಂಡನ್ನೂ.

"ಖರೇ ಹೇಳ್ತೀನಿ, ಪಿನ್ನು ಬೀಳೂಮಟಾ ನಂದ ಆಟ ಇತ್ತು. ಬಿದ್ದ ಮ್ಯಾಲ ನಿನ್ನ ಮಾರಿ ನೋಡ್ದೆ. ಇದು ನಾ ಗೆದ್ದದ್ದಲ್ಲ, ನಿಮ್ಮವ್ವಾರು ಬೇಡಿದ್ದು ಕೊಟ್ಟಂಗಾತು ಅನಿಸ್ತು. ಆ ಗೆಲುವು ತಗೊಂಡು ನಾ ಎಲ್ಲಿ ಇಟಗೊಳ್ಲಿ?"

"ನಿಮಗ ಬ್ಯಾಡಾದ್ರ, ನನ್ನ ತಲೀ ಮ್ಯಾಲ ಯಾಕ ಹೊರಸಿದ್ರಿ?" ಎಂದು ಕೇಳಿದೆ.

ಈಗ ಬಾಯಿ ಬಿಟ್ಟರೆ ನಿಮ್ಮವ್ವನ ಹೆಸರು ಹೊರಗೆ ಬರುತ್ತದೆ, ಅದೊಂದು ಯೋಚನೆ ಮಾಡು ಎಂದಷ್ಟೇ ಹೇಳಿದ. ಬೂಟು ತೆಗೆದು ಚೀಲಕ್ಕೆ ಹಾಕಿಕೊಂಡು, ಮಳೆಯಲ್ಲೇ ನಾಂಪಲ್ಲಿ ಬಸ್ಸು ಹತ್ತಿದ. ಆಮೇಲೆ ಅವನು ಆಯ್ಕೆಯ ಪಂದ್ಯಕ್ಕೆ ಮತ್ತೆಂದೂ ನಿಲ್ಲಲಿಲ್ಲ.

ನಾನು ಮನೆಗೆ ಹೇಗೆ ಹೋದೆನೋ ನೆನಪಿಲ್ಲ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನನ್ನ ತೊಯ್ದ ಬಟ್ಟೆ, ಇಳಿದ ಮುಖ ನೋಡಿದವಳೇ ಮೊರ ನಿಲ್ಲಿಸಿದಳು.

"ಸೋತ್ಯಾ?" ಎಂದು ಕೇಳಿದಳು.

ಆ ಒಂದು ಮಾತಿನಲ್ಲಿ ಎಷ್ಟು ಆಸೆ ಇತ್ತು! ಗೆದ್ದೆ ಎಂದೆ. ಅವಳ ಮುಖ ಕಪ್ಪಿಟ್ಟಿತು. ಹೆತ್ತ ತಾಯಿ, ಮಗ ಗೆದ್ದ ಸುದ್ದಿಗೆ ಹಾಗೆ ಕುಸಿದುಹೋಗುವುದನ್ನು ನಾನು ನೋಡಬಾರದಿತ್ತು. ಶರಣಣ್ಣನ ಮನೆಗೆ ಯಾಕೆ ಹೋಗಿದ್ದೆ ಎಂದು ಕೇಳಿದೆ. ಬೂಟಿನ ಕಥೆಯೆಲ್ಲ ಹೇಳಿ ಕೂಗಾಡಿದೆ. ನಾನು ನಿನಗೆ ಏನು ಅನ್ಯಾಯ ಮಾಡಿದ್ದೆ ಎಂದೆ. ಸುವರ್ಣಾ ಓದುವುದು ಬಿಟ್ಟು ಬಾಗಿಲಿಗೆ ಬಂದು ನಿಂತಳು.

"ಹ್ವಾಗಿದ್ದೆ," ಎಂದಳು ಅವ್ವ. ತಲೆ ತಗ್ಗಿಸಲಿಲ್ಲ. "ನಿಮ್ಮಪ್ಪಗ ಒಂದು ಕಣ್ಣು ಪೂರಾ ಹೋಗೇತಿ. ಇನ್ನೊಂದು ಹ್ವಾಂಟೈತಿ. ಡಾಕ್ಟರ ಕೈ ಚೆಲ್ಯಾರ. ನಿನ್ನ ಮುಂದ ಹೇಳಬ್ಯಾಡಂತ ಆಣಿ ಹಾಕ್ಯಾರ. ಹುಡುಗನ ಸಂಗಾಟ ಮಾತಾಗೇತಿ, ಅಂವ ಗೆದ್ರ ಹೋಗ್ಲಿ, ಸೋತ್ರ ಬರ್ಲಿ, ನನ್ನ ಕಣ್ಣು ತೋರ್ಸಿ ಕಟ್ಟಿಹಾಕಬ್ಯಾಡ ಅಂತಾರ. ಹೇಳಾಂಗಿಲ್ಲ ಅಂದ ಮ್ಯಾಲ ನಾ ಏನ ಮಾಡ್ಲಿ? ನೀ ಸೋತ್ರ ತಾನ ಬರ್ತಿದ್ದಿ."

ಒಂದೇ ದಿನದಲ್ಲಿ ಮನುಷ್ಯನಿಗೆ ಎಷ್ಟು ಏಟು ಬೀಳಬೇಕು? ಅಪ್ಪ ಇತ್ತೀಚೆಗೆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡುತ್ತಿದ್ದ. ಬಣ್ಣ ನೋಡಬೇಕಾದರೆ ಬಾಗಿಲ ಬೆಳಕಿಗೆ ಹಿಡಿಯಿರಿ ಎಂದು ಗಿರಾಕಿಗಳಿಗೇ ಹೇಳುತ್ತಿದ್ದ. ಹಳೇ ವ್ಯಾಪಾರಿ, ಇದೂ ಒಂದು ಗತ್ತು ಎಂದುಕೊಂಡಿದ್ದೆ. ಅಂಗಡಿ ಹೇಗೆ ನಡೆಯುತ್ತಿದೆ ಎಂದು ತಲೆ ಎತ್ತಿ ನೋಡಿದವನಲ್ಲ ನಾನು. ಪಡಸಾಲೆಯ ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ನಾನು ಎಲ್ಲಿಗೂ ಹೋಗುವುದಿಲ್ಲ, ನಾಳೆಯಿಂದಲೇ ಅಂಗಡಿಗೆ ಬರುತ್ತೇನೆ ಎಂದೆ.

ಅವ್ವ ಮತ್ತೆ ಮೊರ ಎತ್ತಿಕೊಂಡಳು. ಸ್ವಲ್ಪ ಹೊತ್ತು ಜೋಳ ಕೇರಿದಳು.

"ನಾ ಶರಣಣ್ಣನ ಮುಂದ ಕೈ ಒಡ್ಡೀನಿ. ಅಂವ ಕೊಟ್ಟಿಲ್ಲ. ತನ್ನ ಗೆಲುವು ತಂದು ನಿನ್ನ ಕೈಯಾಗ ಇಟ್ಟಾನ. ಇನ್ನ ನೀ ಮನ್ಯಾಗ ಕುಂತ್ರ, ಅಂವ ಬಿಟ್ಟಿದ್ದು ಯಾರ ಪಾಲಿಗೂ ಇಲ್ಲದಂಗಾಕ್ಕೇತಿ. ಹೋಗು," ಎಂದಳು. ಅಪ್ಪನ ಮುಂದೆ ತುಟಿ ಪಿಟಕ್ ಅನ್ನಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು.

ಅಪ್ಪ ಸಂಜೆ ಬಂದು ಸುದ್ದಿ ಕೇಳಿ, ಮಾತಂದ್ರ ಮಾತು, ಹೋಗಿ ಬಾ ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ಇಡುವ ಮೊದಲು ಆ ಕೈ ಗಾಳಿಯಲ್ಲಿ ಸ್ವಲ್ಪ ತಡಕಾಡಿತು. ನಾನು ತಲೆಯನ್ನು ಅದರ ಕೆಳಗೆ ಒಯ್ದೆ.

ಹೊರಡುವ ದಿನ ಬಂತು. ಪಂದ್ಯ ಮುಂಬೈಯಲ್ಲಿ, ಮಧ್ಯಾಹ್ನ ನಾಂಪಲ್ಲಿಯಿಂದ ರೈಲು. ಚೀಲ ಕಟ್ಟಿಕೊಂಡು ಅವ್ವನ ಕಾಲಿಗೆ ಬೀಳಬೇಕೆಂದು ಅಡುಗೆಮನೆಗೆ ಹೋದರೆ ಅವಳಿರಲಿಲ್ಲ. ಬುತ್ತಿ ಕಟ್ಟಿ ಇಟ್ಟಿದ್ದಳು. ಅವ್ವ ಅಪ್ಪನ ಜೋಡಿ ಮುಂಜಾನೆಯೇ ಹೋಗಿದ್ದಾಳೆ ಎಂದು ಸುವರ್ಣಾ ಹೇಳಿದಳು. ಎಲ್ಲಿಗೆ ಎಂದರೆ ಅವಳಿಗೂ ಗೊತ್ತಿಲ್ಲ. ನನ್ನ ಮುಖ ನೋಡಲು ಮನಸ್ಸಿಲ್ಲದೆ ಗುಡಿಗೆ ಹೋಗಿರಬೇಕು ಎಂದುಕೊಂಡೆ. ಆಟೋ ಹತ್ತಿ ಸುಲ್ತಾನ್ ಬಜಾರಿನ ಮೇಲಿಂದಲೇ ನಡಿ ಎಂದೆ, ಅಪ್ಪನಿಗಾದರೂ ಹೇಳಿ ಹೋಗೋಣ ಎಂದು.

ಶ್ರಾವಣದ ಗದ್ದಲ. ಹೆಣ್ಣುಮಕ್ಕಳು ಅಂಗಡಿಯ ಮುಂದೆ ಮುಕುರಿದ್ದರು. ಅವರ ಹೆಗಲ ಸಂದಿಯಿಂದ ಒಳಗೆ ನೋಡಿದೆ, ನೋಡಿ ಹೌಹಾರಿದೆ. ಗಾದಿಯ ಮೇಲೆ ಅವ್ವ ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ತಲೆಯ ತುಂಬ ಸೆರಗು, ಕೈಯಲ್ಲಿ ಅಳತೆಯ ಪಟ್ಟಿ, ಮುಂದೆ ಹಸಿರು ಥಾನು ಬಿಚ್ಚಿ ಹರವಿದೆ. ಪಕ್ಕದಲ್ಲಿ ಅಪ್ಪ ಗೋಡೆಗೆ ಒರಗಿ ದರ ಹೇಳುತ್ತಿದ್ದಾನೆ, ಅವಳು ಅದನ್ನೇ ತನ್ನ ಮುರುಕು ತೆಲುಗಿನಲ್ಲಿ ಗಿರಾಕಿಗೆ ಹೇಳುತ್ತಿದ್ದಾಳೆ. ಅಳತೆ ತಪ್ಪಿತೇನೋ, ಮತ್ತೆ ಮೊದಲಿನಿಂದ ಅಳೆದಳು.

ನಾನು ಚೀಲ ಹೊತ್ತು ಮೆಟ್ಟಿಲ ಮೇಲೆ ನಿಂತೆ. ಅವ್ವ ಒಂದು ಸಲ ತಲೆ ಎತ್ತಿದಳು. ನನ್ನನ್ನು ನೋಡಿದಳು.

"ಗಿರಾಕಿ ಅದಾರ, ಬಾಗಲಾಗ ನಿಂದರಬ್ಯಾಡ. ರೈಲು ತಪ್ಪೀತು, ಹೋಗು," ಎಂದು ಕತ್ತರಿ ಕೈಗೆ ತೆಗೆದುಕೊಂಡಳು.